ಕಾಗದಕ್ಕೊಂದು ಗೂಡು ಬೇಕು

ಗುಡ್ಡಗಾಡಿನ ಮನೆಯಲ್ಲಿ ಪ್ರತಿಯೊಂದು ವಸ್ತುವಿಗೂ ಗೊತ್ತುಮಾಡಿದ ಸ್ಥಳವೊಂದಿರುತ್ತದೆ. ಬಿತ್ತನೆಯ ಬೀಜಕ್ಕೆ ಒಲೆಯ ಮೇಲಿನ ಅಟ್ಟ, ಕುಡುಗೋಲಿಗೆ ಗೋಡೆಯ ಸಂದು, ಕಂಬಳಿಗೆ ಗಳ, ದೀಪಕ್ಕೆ ಮಾಡ. ಕತ್ತಲಲ್ಲಿ ಕೈಚಾಚಿದರೂ ಬೇಕಾದದ್ದು ಸಿಗುವಂಥ ವ್ಯವಸ್ಥೆ ಅದು. ಹೀಗೆ ಎಲ್ಲಕ್ಕೂ ನೆಲೆ ಕಲ್ಪಿಸಿದ ಮನೆಯಲ್ಲಿ ನೆಲೆಯಿಲ್ಲದೆ ಅಲೆಯುವ ವಸ್ತು ಒಂದೇ ಒಂದು: ಅಂಚೆಯವರು ತಂದುಕೊಟ್ಟ ಕಾಗದ. ಅದು ಕ್ಯಾಲೆಂಡರಿನ ಹಿಂದೆ ಸೇರುತ್ತದೆ, ಜಂತಿಯ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ, ಮಕ್ಕಳ ಪುಸ್ತಕದೊಳಗೆ ಹೊಕ್ಕು ರದ್ದಿಗೆ ಹೋಗುತ್ತದೆ. ಬೇಕಾದ ದಿನ ಮಾತ್ರ ಸಿಗುವುದಿಲ್ಲ.

ಇದು ಕೇವಲ ಗೃಹಕೃತ್ಯದ ಅಚ್ಚುಕಟ್ಟಿನ ಪ್ರಶ್ನೆಯಾಗಿದ್ದರೆ ಚಳವಳಿಯ ಪತ್ರಿಕೆಯಲ್ಲಿ ಅದಕ್ಕೆ ಸ್ಥಳ ಬೇಕಿರಲಿಲ್ಲ. ಆದರೆ ಖಾನಾಪುರ ತಾಲ್ಲೂಕಿನಂಥ ಕಾಡಂಚಿನ ಪ್ರದೇಶದಲ್ಲಿ ಒಂದು ಕಾಗದ ಕಳೆದುಹೋಗುವುದೆಂದರೆ ಎಷ್ಟೋ ಸಂದರ್ಭದಲ್ಲಿ ನೆಲದ ಮೇಲಿನ ಹಕ್ಕನ್ನೇ ಕಳೆದುಕೊಂಡಂತೆ. ಆದ್ದರಿಂದ ಪ್ರತಿ ಮನೆಯೂ ಪ್ರತಿ ಊರೂ ಕಾಗದಪತ್ರಗಳಿಗಾಗಿ ಒಂದು ಮರದ ಗೂಡನ್ನು ಮಾಡಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಮರ ಮಾತ್ರ ಕಾಡಿನಿಂದ ಬರಬಾರದು. ಈ ಎರಡು ಮಾತುಗಳೇ ಈ ಲೇಖನದ ವಾದ.

ಗಡಿಯಾರವಿರುವ ಪತ್ರಗಳು

ಪತ್ರಗಳ ಕಾಲ ಮುಗಿಯಿತು ಎಂದು ನಗರದವರು ಹೇಳುತ್ತಾರೆ. ಕ್ಷೇಮಸಮಾಚಾರದ ಪತ್ರಗಳ ಕಾಲ ಮುಗಿದಿರುವುದು ನಿಜ. ಈಗ ಮನೆಬಾಗಿಲಿಗೆ ಬರುವವು ಬೇರೆ ಜಾತಿಯ ಪತ್ರಗಳು: ಅರಣ್ಯ ಇಲಾಖೆಯ ನೋಟಿಸು, ತಹಶೀಲ್ದಾರ್ ಕಚೇರಿಯ ತಿಳುವಳಿಕೆ, ಮಾಹಿತಿ ಹಕ್ಕಿನ ಅರ್ಜಿಗೆ ಬಂದ ಉತ್ತರ, ಬ್ಯಾಂಕಿನ ಎಚ್ಚರಿಕೆ, ನ್ಯಾಯಾಲಯದ ಸಮನ್ಸು. ಕ್ಷೇಮಸಮಾಚಾರದ ಪತ್ರ ತಿಂಗಳು ತಡವಾಗಿ ಕೈಸೇರಿದರೂ ಅದರ ಪ್ರೀತಿ ಕಡಿಮೆಯಾಗುತ್ತಿರಲಿಲ್ಲ. ಈ ಹೊಸ ಪತ್ರಗಳ ಒಳಗೆ ಕಣ್ಣಿಗೆ ಕಾಣದ ಗಡಿಯಾರವೊಂದು ಓಡುತ್ತಿರುತ್ತದೆ.

ಕೆಲವು ಗಡಿಯಾರಗಳನ್ನು ಹೆಸರಿಸೋಣ. 2006ರ ಅರಣ್ಯ ಹಕ್ಕು ಮಾನ್ಯತಾ ಕಾಯ್ದೆಯಡಿ ಗ್ರಾಮಸಭೆಯ ನಿರ್ಣಯದಿಂದ ಅಸಮಾಧಾನಗೊಂಡವರು ಉಪವಿಭಾಗ ಮಟ್ಟದ ಸಮಿತಿಗೆ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಅಲ್ಲಿಯೂ ನ್ಯಾಯ ಸಿಗದಿದ್ದರೆ ಜಿಲ್ಲಾ ಸಮಿತಿಗೆ ಮತ್ತೆ 60 ದಿನಗಳೊಳಗೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅಧಿಕಾರಿಯು 30 ದಿನಗಳೊಳಗೆ ಉತ್ತರಿಸಬೇಕು. ಉತ್ತರ ತೃಪ್ತಿಕರವಲ್ಲದಿದ್ದರೆ ನಾವು 30 ದಿನಗಳೊಳಗೆ ಮೊದಲ ಮೇಲ್ಮನವಿಯನ್ನೂ, ಅದರ ತೀರ್ಮಾನದ ನಂತರ 90 ದಿನಗಳೊಳಗೆ ಎರಡನೆಯ ಮೇಲ್ಮನವಿಯನ್ನೂ ಸಲ್ಲಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 21ನೆಯ ಕಲಮಿನಂತೆ, ಅಭಯಾರಣ್ಯದ ವ್ಯಾಪ್ತಿಯೊಳಗೆ ಹಕ್ಕುಳ್ಳವರು ಜಿಲ್ಲಾಧಿಕಾರಿಯ ಉದ್ಘೋಷಣೆಯ ದಿನದಿಂದ ಎರಡು ತಿಂಗಳೊಳಗೆ ಲಿಖಿತವಾಗಿ ಹಕ್ಕು ಕೋರಬೇಕು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಕೇಂದ್ರ ಸರಕಾರವು 2014ರ ಮಾರ್ಚ್ 10ರಿಂದ 2024ರ ಜುಲೈ 31ರವರೆಗೆ ಆರು ಬಾರಿ ಹೊರಡಿಸಿತು; ಪ್ರತಿ ಬಾರಿಯೂ ಆಕ್ಷೇಪ ಸಲಹೆಗಳಿಗೆ ದೊರೆತದ್ದು 60 ದಿನಗಳ ಅವಕಾಶ.

ಕಾನೂನಿನ ಇನ್ನೊಂದು ನಿಯಮವನ್ನೂ ನೆನಪಿಡಬೇಕು. ಸರಿಯಾದ ವಿಳಾಸ ಬರೆದು, ಶುಲ್ಕ ಕಟ್ಟಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ ಪತ್ರವು ಸಹಜವಾದ ಅವಧಿಯಲ್ಲಿ ತಲುಪಿತೆಂದೇ, ಅದಕ್ಕೆ ವಿರುದ್ಧವಾದದ್ದು ಸಾಬೀತಾಗುವವರೆಗೆ, 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೆಯ ಕಲಮು ಭಾವಿಸುತ್ತದೆ. ಆ ಅಂಚೆಸೇವೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟಿನೊಡನೆ ಒಂದುಗೂಡಿಸಲಾಯಿತು. ಸೇವೆಯ ಹೆಸರು ಬದಲಾದರೂ ನಮ್ಮ ಪಾಲಿಗೆ ಪಾಠ ಬದಲಾಗುವುದಿಲ್ಲ. ಪತ್ರ ತಡವಾಗಿ ಬಂತು ಎಂಬುದನ್ನು ತೋರಿಸಬೇಕಾದವರು ನಾವೇ. ಅದನ್ನು ತೋರಿಸುವ ಸಾಕ್ಷಿ ಅಂಚೆಯ ಮುದ್ರೆಯಿರುವ ಲಕೋಟೆ. ಪತ್ರವನ್ನು ಉಳಿಸಿಕೊಂಡು ಲಕೋಟೆಯನ್ನು ಒಲೆಗೆ ಹಾಕುವವರು ತಮ್ಮ ಸಾಕ್ಷಿಯನ್ನೇ ಸುಟ್ಟಂತೆ.

ಭೀಮಗಡದ ಸುತ್ತಿನ ಊರುಗಳು

ಖಾನಾಪುರದ ಪಶ್ಚಿಮಕ್ಕೆ ಇರುವ ಭೀಮಗಡದ ಕಾಡು 2011ರಲ್ಲಿ ವನ್ಯಜೀವಿ ಅಭಯಾರಣ್ಯವೆಂದು ಘೋಷಿತವಾಯಿತು. ಸುಮಾರು 190 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡಿನಲ್ಲಿ ಮಹದಾಯಿಯ ಉಗಮವಿದೆ. ಬಾರಾಪೇಡೆಯ ಗುಹೆಗಳಲ್ಲಿ ಜಗತ್ತಿನ ಅತಿ ವಿರಳ ಬಾವಲಿಗಳಲ್ಲೊಂದಾದ ರಾಟನ್ ಬಾವಲಿ ಬದುಕುತ್ತದೆ. ಸ್ವಲ್ಪ ಉತ್ತರಕ್ಕೆ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಇದೇ ಕಾಡಿನೊಳಗೆ ತಳೇವಾಡಿ, ಗವಾಳಿ, ಕೃಷ್ಣಾಪುರ, ಆಮಗಾಂವ್, ದೇಗಾಂವ್, ಪಾಸ್ತೋಳಿ, ಕೊಂಗಳೆ, ಮೆಂಡಿಲ್ ಮೊದಲಾದ ಊರುಗಳೂ ಇವೆ. ಆಮಗಾಂವ್ ರಾಜ್ಯದಲ್ಲೇ ಅತ್ಯಧಿಕ ಮಳೆ ಬೀಳುವ ಸ್ಥಳಗಳಲ್ಲೊಂದು. ಮಳೆಗಾಲದಲ್ಲಿ ಹಳ್ಳಗಳು ತುಂಬಿ ಹಾದಿ ಕಡಿದುಹೋದಾಗ ಜನ ಹೊರಬರುವುದು ಹೇಗೆ ಕಷ್ಟವೋ ಪತ್ರ ಒಳಹೋಗುವುದೂ ಹಾಗೆಯೇ ಕಷ್ಟ. 60 ದಿನಗಳ ಗಡಿಯಾರ ಮಾತ್ರ ಹಳ್ಳ ಇಳಿಯಲೆಂದು ಕಾಯುವುದಿಲ್ಲ.

ಈ ಊರುಗಳ ಸ್ಥಳಾಂತರದ ಮಾತು ಬಹುಕಾಲದಿಂದ ನಡೆದಿದೆ. 2025ರಲ್ಲಿ ತಳೇವಾಡಿಯ ಕುಟುಂಬಗಳಿಗೆ ಪರಿಹಾರದ ಮೊದಲ ಕಂತಿನ ಚೆಕ್ಕುಗಳನ್ನು ವಿತರಿಸಲಾಯಿತು. ಊರು ಬಿಡುವುದು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಇಲ್ಲಿ ಎತ್ತಿಕೊಳ್ಳುತ್ತಿಲ್ಲ. ಅದನ್ನು ನಿರ್ಧರಿಸಬೇಕಾದವರು ಆ ಊರಿನವರೇ. ಬಿಡುವವರಿಗೂ ಉಳಿಯುವವರಿಗೂ ಸಮಾನವಾಗಿ ಅನ್ವಯಿಸುವ ಒಂದು ಸತ್ಯವಿದೆ: ಮೊದಲ ಕಂತು ಪಡೆದವರು ಎರಡನೆಯ ಕಂತನ್ನು ಕಾಗದದ ಬಲದಿಂದಲೇ ಕೇಳಬೇಕು, ಉಳಿಯುವವರು ತಮ್ಮ ಹಕ್ಕನ್ನು ಕಾಗದದ ಬಲದಿಂದಲೇ ಸ್ಥಾಪಿಸಬೇಕು. ಅರಣ್ಯ ಹಕ್ಕು ಕಾಯ್ದೆಯ 4ನೆಯ ಕಲಮು, ವನ್ಯಜೀವಿಗಳ ನೆಲೆಯಿಂದ ಜನರನ್ನು ಸ್ಥಳಾಂತರಿಸುವ ಮೊದಲು ಗ್ರಾಮಸಭೆಯ ಮುಕ್ತ ಹಾಗೂ ತಿಳಿವಳಿಕೆಯುಳ್ಳ ಸಮ್ಮತಿಯನ್ನು ಲಿಖಿತವಾಗಿ ಪಡೆಯಬೇಕೆಂದು ಹೇಳುತ್ತದೆ. ಲಿಖಿತವಾಗಿ ಎಂಬ ಆ ಒಂದು ಪದವೇ ಸಾಕು, ಆ ಸಮ್ಮತಿಪತ್ರದ ಪ್ರತಿಯೊಂದು ಊರಿನಲ್ಲಿ ಏಕಿರಬೇಕೆಂಬುದನ್ನು ತಿಳಿಸಲು.

ಇನ್ನು ಭಾಷೆಯ ತೊಡಕು. ಈ ಗಡಿಭಾಗದಲ್ಲಿ ಬಹಳಷ್ಟು ಮನೆಗಳ ಮಾತು ಮರಾಠಿ ಅಥವಾ ಕೊಂಕಣಿ. ಬರುವ ನೋಟಿಸು ಕನ್ನಡದಲ್ಲಿರುತ್ತದೆ, ಕೆಲವೊಮ್ಮೆ ಆದೇಶ ಇಂಗ್ಲಿಷಿನಲ್ಲಿರುತ್ತದೆ. ಓದಬಲ್ಲವರು ಬರುವವರೆಗೆ ಕಾಗದವನ್ನು ಎಲ್ಲಿಯೋ ಇಡಲಾಗುತ್ತದೆ. ಆ 'ಎಲ್ಲಿಯೋ' ಎಂಬುದೇ ಅದರ ಅಂತ್ಯ.

ಹಳೆಯ ರಸೀದಿಯ ಬೆಲೆ

ಹೊಸ ಪತ್ರವನ್ನು ಕಾಪಾಡುವುದು ಅರ್ಧ ಕೆಲಸ. ಹಳೆಯ ಕಾಗದವನ್ನು ಕಾಪಾಡುವುದು ಇನ್ನರ್ಧ. ಅರಣ್ಯ ಹಕ್ಕು ಕಾಯ್ದೆಯಂತೆ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನ ಅನುಭೋಗವನ್ನು ತೋರಿಸಬೇಕು; ಇತರ ಪಾರಂಪರಿಕ ಅರಣ್ಯವಾಸಿಗಳು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಕೋರಿಕೆಯ ಜೊತೆಗೆ ಕನಿಷ್ಠ ಎರಡು ಬಗೆಯ ಸಾಕ್ಷ್ಯ ಬೇಕು. ನಿಯಮಗಳು ಒಪ್ಪುವ ಸಾಕ್ಷ್ಯಗಳಲ್ಲಿ ಗೆಜೆಟಿಯರು, ಜನಗಣತಿ, ನಕಾಶೆಗಳಂಥ ದೊಡ್ಡ ದಾಖಲೆಗಳಿರುವಂತೆಯೇ ಮತದಾರರ ಗುರುತಿನ ಚೀಟಿ, ಪಡಿತರ ಚೀಟಿ, ಮನೆ ತೆರಿಗೆಯ ರಸೀದಿಗಳೂ ಇವೆ. ಹಿರಿಯರ ಹೇಳಿಕೆಯನ್ನು ಬರೆದಿಟ್ಟರೆ ಅದೂ ಸಾಕ್ಷ್ಯವೇ. ಅಜ್ಜ ಕಟ್ಟಿದ ಮನೆ ತೆರಿಗೆಯ ಹರಿದ ರಸೀದಿ, ಗಣಕೀಕರಣಕ್ಕಿಂತ ಹಿಂದಿನ ಕೈಬರಹದ ಉತಾರ, ದನ ಮೇಯಿಸಿದ್ದಕ್ಕೆ ಕಟ್ಟಿದ ಹಣದ ಪಾವತಿ, ಇವು ರದ್ದಿಯಲ್ಲ.

2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು, ಹಕ್ಕುಕೋರಿಕೆ ತಿರಸ್ಕೃತವಾದವರನ್ನು ತೆರವುಗೊಳಿಸುವಂತೆ ರಾಜ್ಯಗಳಿಗೆ ನಿರ್ದೇಶಿಸಿತು. ಅದೇ ತಿಂಗಳ 28ರಂದು ಆ ನಿರ್ದೇಶನವನ್ನು ತಡೆಹಿಡಿದು, ತಿರಸ್ಕರಿಸುವಾಗ ಯಾವ ಕ್ರಮ ಅನುಸರಿಸಿದಿರಿ ಎಂದು ರಾಜ್ಯಗಳನ್ನು ಕೇಳಿತು. 2012ರಲ್ಲಿ ತಿದ್ದುಪಡಿಯಾದ ನಿಯಮಗಳು ತಿರಸ್ಕಾರದ ಸಂಗತಿಯನ್ನು ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕೆಂದು ಹೇಳುತ್ತವೆ. ತಿಳಿಸಿದ್ದಾರೆಯೇ, ಯಾವ ದಿನ ತಿಳಿಸಿದರು, ಕಾರಣ ಕೊಟ್ಟಿದ್ದಾರೆಯೇ ಎಂಬ ಮೂರು ಪ್ರಶ್ನೆಗಳಿಗೆ ತಕ್ಷಣ ಉತ್ತರಿಸಬಲ್ಲ ಮನೆ ಗಟ್ಟಿಯಾಗಿ ನಿಲ್ಲುತ್ತದೆ. ಉತ್ತರಿಸಲಾಗದ ಮನೆ ಕಚೇರಿಯವರು ತೋರಿಸಿದ ಕಡತವನ್ನೇ ನಂಬಬೇಕಾಗುತ್ತದೆ.

ನಮ್ಮ ನಾಡಿನ ಪರಿಸರ ಚಳವಳಿಯ ಇತಿಹಾಸವೂ ಇದನ್ನೇ ಹೇಳುತ್ತದೆ. ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಸಂಸ್ಥೆಗೆ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ನೀಲಗಿರಿ ನೆಡಲು ಕೊಟ್ಟಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ಕೀಳುವ ನೆಡುವ ಆ ದೃಶ್ಯ ಎಲ್ಲರಿಗೂ ನೆನಪಿದೆ. ಆದರೆ ಅದರ ಜೊತೆಜೊತೆಗೇ ಶಿವರಾಮ ಕಾರಂತರೂ ಸಮಾಜ ಪರಿವರ್ತನ ಸಮುದಾಯವೂ ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ನಡೆಸಿದರು. ಬೀದಿಯ ಹೋರಾಟಕ್ಕೆ ಕಡತದ ಹೋರಾಟ ಜೊತೆಯಾಯಿತು. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚುವ ತೀರ್ಮಾನವಾಯಿತು. ಘೋಷಣೆ ಒಂದು ದಿನ ಕೇಳಿಸುತ್ತದೆ, ದಾಖಲೆ ನಾಲ್ಕು ವರ್ಷ ನಿಲ್ಲುತ್ತದೆ.

ಎತ್ತಬಹುದಾದ ಆಕ್ಷೇಪಗಳು

ಮೊಬೈಲಿನಲ್ಲಿ ಚಿತ್ರ ತೆಗೆದರೆ ಸಾಲದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಚಿತ್ರ ತೆಗೆಯಲೇಬೇಕು, ಅದು ಎರಡನೆಯ ಕಾವಲು. ಆದರೆ ಮೊಬೈಲು ಒಬ್ಬರ ಕೈಯಲ್ಲಿರುತ್ತದೆ. ಆ ಮಗ ಗೋವೆಗೋ ಬೆಳಗಾವಿಗೋ ದುಡಿಯಲು ಹೋದರೆ ಮನೆಯ ದಾಖಲೆಯೂ ಅವನ ಜೊತೆಗೇ ಹೋಗುತ್ತದೆ. ವಿಚಾರಣೆಯಲ್ಲಿ ಮೂಲಪ್ರತಿ ಕೇಳಿದಾಗ ಚಿತ್ರ ಸಾಕಾಗುವುದೂ ಇಲ್ಲ. ಗೂಡಿನಲ್ಲಿರುವ ಕಾಗದ ಅತ್ತೆಗೂ ಸೊಸೆಗೂ ಶಾಲೆಗೆ ಹೋಗುವ ಮಗಳಿಗೂ ಸಮಾನವಾಗಿ ಸಿಗುತ್ತದೆ.

ಕಬ್ಬಿಣದ ಟ್ರಂಕು ಇದೆಯಲ್ಲ ಎನ್ನುವವರು ಹಿರಿಯರು. ಟ್ರಂಕು ಬಚ್ಚಿಡುವುದಕ್ಕೆ ಒಳ್ಳೆಯದು, ಹುಡುಕುವುದಕ್ಕಲ್ಲ. ಮದುವೆಯ ಸೀರೆಯ ಕೆಳಗೆ ಸೇರಿದ ನೋಟಿಸನ್ನು ಯಾರೂ ದಿನವೂ ನೋಡುವುದಿಲ್ಲ. ಮೇಲಾಗಿ ಮಳೆಗಾಲದ ತೇವದಲ್ಲಿ ಕಬ್ಬಿಣ ಬೆವರುತ್ತದೆ. ಆ ತುಕ್ಕಿನ ಕಲೆ ಕಾಗದಕ್ಕೆ ಅಂಟುತ್ತದೆ. ಪ್ಲಾಸ್ಟಿಕ್ ಕವರುಗಳ ಕಥೆ ಇನ್ನೂ ಕೆಟ್ಟದ್ದು. ಒಳಗೆ ಸೇರಿದ ತೇವ ಹೊರಹೋಗದೆ ಬೂಷ್ಟು ಹಿಡಿಯುತ್ತದೆ. ಅಗ್ಗದ ಪಿವಿಸಿ ಹಾಳೆಗಳು ಜೆರಾಕ್ಸಿನ ಅಕ್ಷರಗಳನ್ನೇ ತಮ್ಮ ಮೈಗೆ ಅಂಟಿಸಿಕೊಳ್ಳುತ್ತವೆ. ಮರವಾದರೋ ಗಾಳಿಯ ತೇವವನ್ನು ಹೀರಿ, ಒಣಗಾಳಿ ಬಂದಾಗ ಬಿಟ್ಟುಕೊಡುತ್ತದೆ. ಕಾಗದವೂ ಮರದಿಂದಲೇ ಬಂದದ್ದು. ಅದಕ್ಕೆ ಮರದ ನೆರೆ ಹಿತಕರ.

ಯಾವ ಮರ?

ಪತ್ರದ ಗೂಡು ಬೇಕೆಂದೊಡನೆ ಹಿತ್ತಿಲಾಚೆಯ ಸಾಗುವಾನಿಯತ್ತ ಕಣ್ಣು ಹೋಗಬಾರದು. ಕಾಡಿನ ಹಕ್ಕಿನ ಕಾಗದವಿಡಲು ಕಾಡಿನ ಮರವನ್ನೇ ಕಡಿದರೆ ವಾದ ತನ್ನಷ್ಟಕ್ಕೆ ಮುರಿದುಬೀಳುತ್ತದೆ; ಮೊಕದ್ದಮೆಯೊಂದು ಹೆಚ್ಚಾಗಿ ಸೇರುತ್ತದೆ. ಮುಂದೆ ವಿವರಿಸುವ ಅಳತೆಯ ಒಂದು ಗೂಡಿಗೆ ಸುಮಾರು ಅರ್ಧ ಘನ ಅಡಿ ಸೀಳಿದ ಮರ ಸಾಕು. ಇದು ಅಲ್ಪವೆನಿಸಬಹುದು. ನೂರು ಮನೆಗಳಿಗೆ 50 ಘನ ಅಡಿಯಾಯಿತು; ಕೊಯ್ಯುವಾಗ ಹಾಳಾಗುವ ಭಾಗ ಬೇರೆ. ಅಲ್ಪವಾದದ್ದನ್ನು ಎಲ್ಲರೂ ಸೇರಿ ಬೇಡಿದಾಗ ಅದು ಅಲ್ಪವಾಗಿ ಉಳಿಯುವುದಿಲ್ಲ. ಇದು ಕಾಡಿನ ಲೆಕ್ಕದ ಮೊದಲ ಪಾಠ.

ಮರ ಬೆಳಗಾವಿಯಲ್ಲಿದೆ. 1880ರ ದಶಕದಲ್ಲಿ ರೈಲುಮಾರ್ಗ ಬಂದಂದಿನಿಂದ ಈ ಘಟ್ಟದ ಮರ ಕೆಳಗಿಳಿದು ನಗರಗಳನ್ನು ಕಟ್ಟಿದೆ. ಇಂದು ಬೆಳಗಾವಿಯ ಹಳೆಯ ಗಲ್ಲಿಗಳಲ್ಲಿ ಹೆಂಚಿನ ಮನೆಗಳನ್ನು ಇಳಿಸಿ ಕಾಂಕ್ರೀಟು ಕಟ್ಟಡಗಳನ್ನು ಎಬ್ಬಿಸಲಾಗುತ್ತಿದೆ. ಇಳಿದ ಬಾಗಿಲು, ಚೌಕಟ್ಟು, ಜಂತಿಗಳು ಹಳೆಯ ಮರದ ವ್ಯಾಪಾರಿಗಳಲ್ಲಿಗೆ ಬರುತ್ತವೆ. ಎಷ್ಟೋ ತುಂಡುಗಳು ಸ್ನಾನದ ಒಲೆಗೆ ಹೋಗುತ್ತವೆ. ಆರು ಅಡಿ ಎತ್ತರ, ಎರಡೂವರೆ ಅಡಿ ಅಗಲ, ಒಂದೂಕಾಲು ಇಂಚು ದಪ್ಪದ ಒಂದು ಹಳೆಯ ಬಾಗಿಲಿನಲ್ಲಿ ಒಂದೂವರೆ ಘನ ಅಡಿ ಮರವಿದೆ. ಹುಳುಕು, ಮೊಳೆಯ ತೂತುಗಳನ್ನು ಕಳೆದರೂ ಎರಡು ಗೂಡುಗಳು ಧಾರಾಳವಾಗಿ ಆಗುತ್ತವೆ. ದಶಕಗಳ ಕಾಲ ಒಣಗಿದ ಮರವಾದ್ದರಿಂದ ಇನ್ನು ಅದು ಬಾಗುವುದೂ ಬಿರಿಯುವುದೂ ಕಡಿಮೆ.

ಉದ್ಯಮಬಾಗಿನಂಥ ಕೈಗಾರಿಕಾ ಪ್ರದೇಶಗಳಿಗೆ ಯಂತ್ರಗಳು ಬರುವ ಪೈನ್ ಮರದ ಪೆಟ್ಟಿಗೆಗಳೂ ಉಪಯುಕ್ತ. ಮೃದುವಾದ ಮರವಾದ್ದರಿಂದ ವಿದ್ಯಾರ್ಥಿಗಳ ಕೈಗೆ ಅದು ಸುಲಭ. ಪೆಟ್ಟಿಗೆಯ ಮೇಲಿನ ಮುದ್ರೆಯನ್ನು ಮಾತ್ರ ಓದಬೇಕು: ಎಚ್‌ಟಿ ಎಂದಿದ್ದರೆ ಶಾಖದಿಂದ ಸಂಸ್ಕರಿಸಿದ ಮರ, ಉಪಯೋಗಿಸಬಹುದು, ಎಂಬಿ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ ಮರ, ಮನೆಯೊಳಗೆ ತರಬಾರದು. ಮಳೆಗೆ ಬಿದ್ದ ಹಿತ್ತಿಲ ಹಲಸು ಸಿಕ್ಕಿದರೆ ಅದೂ ಉತ್ತಮ. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿದ ಅಗ್ಗದ ಹಲಗೆಗಳು ನಮ್ಮ ಮಳೆಗಾಲಕ್ಕೆ ಒಗ್ಗುವುದಿಲ್ಲ. ತೇವ ತಾಗಿದರೆ ರೊಟ್ಟಿಯಂತೆ ಉಬ್ಬುತ್ತವೆ. ಹಳೆಯ ಮರವನ್ನು ಊರಿಗೆ ಸಾಗಿಸುವಾಗ ಖರೀದಿಯ ರಸೀದಿ ಜೊತೆಗಿರಲಿ. ಗೂಡು ಸಿದ್ಧವಾದ ಮೇಲೆ ಅದರೊಳಗೆ ಇಡುವ ಮೊದಲ ಕಾಗದ ಆ ರಸೀದಿಯೇ ಆಗಲಿ.

ಮಾಡುವ ಬಗೆ

ಅಂಚೆ ಕಚೇರಿಯ ಗೂಡುಗಳನ್ನು ನೋಡಿದವರಿಗೆ ಇದರ ಕಲ್ಪನೆ ಕಷ್ಟವಲ್ಲ. 1972ರ ಆಗಸ್ಟ್ 15ರಂದು ಪಿನ್ ಕೋಡ್ ಪದ್ಧತಿ ಜಾರಿಗೆ ಬಂದಂದಿನಿಂದ 591302 ಎಂದರೆ ಖಾನಾಪುರ, 590001 ಎಂದರೆ ಬೆಳಗಾವಿ. ದಿಲ್ಲಿಯಿಂದ ಹೊರಟ ಪತ್ರ ವಿಂಗಡಣೆಯ ಒಂದು ಗೂಡಿನಿಂದ ಮತ್ತೊಂದಕ್ಕೆ ದಾಟುತ್ತಾ ನಮ್ಮ ಹೊಸ್ತಿಲವರೆಗೆ ದಾರಿ ತಪ್ಪದೆ ಬರುತ್ತದೆ. ದಾರಿ ತಪ್ಪುವುದು ಹೊಸ್ತಿಲು ದಾಟಿದ ಮೇಲೆ. ಕೊನೆಯ ಗೂಡೊಂದನ್ನು ನಾವು ಕಟ್ಟಿಕೊಂಡರೆ ಸರಪಳಿ ಪೂರ್ತಿಯಾಗುತ್ತದೆ.

ಅಳತೆ ಹೀಗಿರಲಿ. ಸಾಮಾನ್ಯ ಕಚೇರಿ ಕಾಗದ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ನ್ಯಾಯಾಲಯದ ಉದ್ದ ಕಾಗದ ಎಂಟೂವರೆ ಇಂಚು ಅಗಲ, 14 ಇಂಚು ಉದ್ದ. ಇವೆರಡನ್ನೂ ಮಡಿಸದೆ ಮಲಗಿಸಿಡಲು ಒಳ ಅಗಲ 10 ಇಂಚು, ಆಳ 15 ಇಂಚು ಬೇಕು. ಎರಡೂವರೆ ಇಂಚು ಎತ್ತರದ ಐದು ಅಂತಸ್ತು. ಪಕ್ಕದ ಹಲಗೆಗಳು ಮುಕ್ಕಾಲು ಇಂಚು ದಪ್ಪ, ಅಡ್ಡಹಲಗೆಗಳು ಅರ್ಧ ಇಂಚು ದಪ್ಪ. ಮೇಲಿನದು, ಕೆಳಗಿನದು, ನಡುವಿನ ನಾಲ್ಕು ಸೇರಿ ಅಡ್ಡಹಲಗೆಗಳು ಆರು. ಒಟ್ಟು ಎತ್ತರ ಹದಿನೈದೂವರೆ ಇಂಚು, ಹೊರ ಅಗಲ ಹನ್ನೊಂದೂವರೆ ಇಂಚು. 15 ಇಂಚು ಅಗಲದ ಹಲಗೆ ಸಿಗದಿದ್ದರೆ ಎರಡನ್ನು ಅಂಚಿಗೆ ಅಂಚು ಕೂಡಿಸಬಹುದು.

ಪಕ್ಕದ ಹಲಗೆಗಳ ಎಳೆ ಮೇಲಿಂದ ಕೆಳಕ್ಕೂ ಅಡ್ಡಹಲಗೆಗಳ ಎಳೆ ಎಡದಿಂದ ಬಲಕ್ಕೂ ಇರಬೇಕು. ಮರವು ಎಳೆಗೆ ಅಡ್ಡವಾಗಿ ಮಾತ್ರ ಗಣನೀಯವಾಗಿ ಹಿಗ್ಗುತ್ತದೆ. ಹೀಗೆ ಜೋಡಿಸಿದರೆ ಎಲ್ಲ ಹಲಗೆಗಳೂ ಗೂಡಿನ ಆಳದ ದಿಕ್ಕಿಗೇ ಒಟ್ಟಾಗಿ ಹಿಗ್ಗಿ ಒಟ್ಟಾಗಿ ಕುಗ್ಗುತ್ತವೆ, ಒಂದನ್ನೊಂದು ಬಿರಿಸುವುದಿಲ್ಲ. ಪಕ್ಕದ ಹಲಗೆಗಳಲ್ಲಿ ಕಾಲು ಇಂಚು ಆಳದ ಕಚ್ಚುಗಳನ್ನು ಉಳಿಯಿಂದ ತೋಡಿ, ನಡುವಿನ ಅಡ್ಡಹಲಗೆಗಳನ್ನು ಅಂಟಿಲ್ಲದೆ ಒಣದಾಗಿಯೇ ಸೇರಿಸಬೇಕು. ಮೇಲಿನ ಹಾಗೂ ಕೆಳಗಿನ ಹಲಗೆಗಳಿಗೆ ಮಾತ್ರ ಬಿದಿರಿನ ಕೀಲು ಜಡಿದರೆ ಸಾಕು. ಹಿಂಬದಿಗೆ ತೆಳುವಾದ ಹಲಗೆ. ಅದರಲ್ಲಿ ಪ್ರತಿ ಅಂತಸ್ತಿಗೂ ಒಂದು ಬೆರಳು ತೂರುವಷ್ಟು ರಂಧ್ರವಿದ್ದರೆ ಗಾಳಿಯಾಡುತ್ತದೆ. ಒಳಮೈಯನ್ನು ಕೀಸುಳಿಯಿಂದ ನುಣುಪು ಮಾಡಿ ಹಾಗೆಯೇ ಬಿಡಬೇಕು; ಎಣ್ಣೆ, ಬಣ್ಣ ಕಾಗದಕ್ಕೆ ಅಂಟುತ್ತದೆ. ತಳದ ಹೊರಮೈಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದರೆ ಗೆದ್ದಲು ದೂರ. ಆ ಎಣ್ಣೆ ಚರ್ಮವನ್ನು ಸುಡುತ್ತದೆ, ಕೈಗೆ ಚೀಲ ಕಟ್ಟಿಕೊಂಡೇ ಬಳಿಯಬೇಕು. ಓಲೆಗರಿಗಳ ಕಟ್ಟಿನಲ್ಲಿ ಹಿರಿಯರು ಇಡುತ್ತಿದ್ದ ಬಜೆಯ ಬೇರಿನ ತುಂಡೊಂದು ಪ್ರತಿ ಅಂತಸ್ತಿನಲ್ಲಿರಲಿ.

ಗೂಡನ್ನು ಗಾಳಿಮಳೆ ಬಡಿಯುವ ಪಡುವಣ ಗೋಡೆಗೆ ಇಡಬಾರದು. ಒಳಗೋಡೆಗೆ, ನೆಲದಿಂದ ಎದೆಯೆತ್ತರದಲ್ಲಿ, ಗೋಡೆಗೆ ಒಂದು ಇಂಚು ಬಿಟ್ಟು, ಗಟ್ಟಿಯಾದ ಬ್ರಾಕೆಟ್ಟಿನ ಮೇಲೆ ಕೂರಿಸಬೇಕು. ಊರಿನ ಬಡಿಗೇರರಿಗೆ ಇದು ಒಂದೆರಡು ದಿನದ ಕೆಲಸ. ಕೂಲಿ ಊರಲ್ಲೇ ಉಳಿಯುತ್ತದೆ.

ಐದು ಅಂತಸ್ತಿನ ಶಿಸ್ತು

ಮೇಲಿನ ಅಂತಸ್ತು ಇಂದು ಬಂದದ್ದಕ್ಕೆ. ಅದರಲ್ಲಿ ಕಾಗದ ಓದಿಸಿಕೊಳ್ಳುವವರೆಗೆ ಮಾತ್ರ ಇರಬೇಕು, ಒಂದು ವಾರಕ್ಕಿಂತ ಹೆಚ್ಚಲ್ಲ. ಎರಡನೆಯದು ಉತ್ತರಿಸಬೇಕಾದದ್ದಕ್ಕೆ, ಅಂದರೆ ಗಡಿಯಾರವುಳ್ಳ ಪತ್ರಗಳಿಗೆ. ಮೂರನೆಯದು ನಾವು ಕಳಿಸಿದ್ದರ ಪ್ರತಿ, ಅಂಚೆಯ ರಸೀದಿ, ಕಚೇರಿಯ ಮುದ್ರೆಯಿರುವ ಸ್ವೀಕೃತಿಗಳಿಗೆ. ನಾಲ್ಕನೆಯದು ನೆಲ, ಮನೆ, ಕಾಡಿಗೆ ಸಂಬಂಧಿಸಿದ ಹಳೆಯ ದಾಖಲೆಗಳಿಗೆ. ಐದನೆಯದು ಗುರುತಿನ ಚೀಟಿ, ಶಾಲೆ, ಬ್ಯಾಂಕು, ಆಸ್ಪತ್ರೆಯ ಕಾಗದಗಳಿಗೆ. ಇದಕ್ಕಿಂತ ಹೆಚ್ಚು ವಿಂಗಡಿಸಿದರೆ ಪಾಲಿಸುವುದು ಕಷ್ಟ.

ಮೂರು ನಿಯಮಗಳು ಸಾಕು. ಪತ್ರ ಬಂದ ದಿನಾಂಕವನ್ನು ಲಕೋಟೆಯ ಮೇಲೆ ಬರೆದು, ಲಕೋಟೆಯನ್ನು ಪತ್ರಕ್ಕೇ ಜೋಡಿಸಬೇಕು. ಉತ್ತರಿಸಲು ಕೊನೆಯ ದಿನ ಯಾವುದೆಂದು ಲೆಕ್ಕ ಹಾಕಿ ದೊಡ್ಡದಾಗಿ ಬರೆಯಬೇಕು. ಯಂತ್ರದಿಂದ ಹೊರಬರುವ ನುಣುಪು ಕಾಗದದ ರಸೀದಿಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುವುದರಿಂದ ಅವನ್ನು ಆ ವಾರವೇ ಜೆರಾಕ್ಸ್ ಮಾಡಿಸಬೇಕು.

ಇದೇ ಬಗೆಯ ಗೂಡು ಊರಿಗೂ ಒಂದು ಬೇಕು. ಗ್ರಾಮಸಭೆಯು ಆಯ್ಕೆ ಮಾಡುವ 10ರಿಂದ 15 ಸದಸ್ಯರ ಅರಣ್ಯ ಹಕ್ಕು ಸಮಿತಿಯು ಕೋರಿಕೆಗಳನ್ನು ಸ್ವೀಕರಿಸಿ, ಸ್ವೀಕೃತಿ ಕೊಟ್ಟು, ಸಾಕ್ಷ್ಯಗಳನ್ನು ಕಾಪಾಡಬೇಕೆಂದು ನಿಯಮವೇ ಹೇಳುತ್ತದೆ. ಸಮಿತಿಯ ಅಧ್ಯಕ್ಷರು ಬದಲಾದಾಗ ಕಾಗದಗಳು ಹಳಬರ ಮನೆಯಲ್ಲೇ ಉಳಿದರೆ ಆ ನಿಯಮ ಸತ್ತಂತೆ. ಶಾಲೆಯಲ್ಲೋ ಗುಡಿಯ ಪಡಸಾಲೆಯಲ್ಲೋ ಬೀಗವಿರುವ ಒಂದು ದೊಡ್ಡ ಗೂಡು, ಎರಡು ಬೀಗದ ಕೈ, ಅವುಗಳಲ್ಲೊಂದು ಮಹಿಳಾ ಸದಸ್ಯರ ಬಳಿ. ಇಷ್ಟು ಕಟ್ಟುಪಾಡನ್ನು ಊರು ತಾನೇ ಮಾಡಿಕೊಳ್ಳಬಹುದು.

ಗೂಡು ಮಾಡಲಾರದ್ದು

ಮರದ ಗೂಡು ನ್ಯಾಯವನ್ನು ತಂದುಕೊಡುವುದಿಲ್ಲ. ಜನರಿಗೆ ಅರ್ಥವಾಗುವ ಭಾಷೆಯಲ್ಲಿ ನೋಟಿಸು ಕೊಡುವುದು, ತಿರಸ್ಕರಿಸಿದರೆ ಕಾರಣ ಹೇಳುವುದು, ಮಳೆಗಾಲದಲ್ಲಿ ಹಾದಿ ಮುಚ್ಚುವ ಊರಿಗೆ ಹೆಚ್ಚಿನ ಕಾಲಾವಕಾಶ ಕೊಡುವುದು ಸರಕಾರದ ಹೊಣೆ. ಆ ಹೊಣೆಯನ್ನು ಜನರ ಅಚ್ಚುಕಟ್ಟಿನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದಕ್ಕೆ ಈ ಲೇಖನವನ್ನು ಯಾರೂ ಆಧಾರವಾಗಿ ಮಾಡಿಕೊಳ್ಳಬಾರದು. ಸಾಕ್ಷರತೆಯಿಲ್ಲದವರ, ಕಾಗದವನ್ನೇ ಕಾಣದವರ ಹಕ್ಕೂ ಹಕ್ಕೇ. ಅದಕ್ಕಾಗಿಯೇ ಕಾಯ್ದೆ ಹಿರಿಯರ ಮಾತನ್ನೂ ಬದುಗಳನ್ನೂ ಮನೆಯ ತಳಪಾಯವನ್ನೂ ಸಾಕ್ಷ್ಯವೆಂದು ಒಪ್ಪಿದೆ. ಆದರೆ ಸರಕಾರ ತನ್ನ ಹೊಣೆ ಮರೆತಿದೆಯೆಂದು ತೋರಿಸಲಿಕ್ಕೂ ಕೊನೆಗೆ ಬೇಕಾದದ್ದು ದಿನಾಂಕವಿರುವ ಕಾಗದವೇ.

ಖಾನಾಪುರ ಮತ್ತು ಬೆಳಗಾವಿಯ ಕಾಲೇಜುಗಳಲ್ಲಿ ಓದುತ್ತಿರುವ ಮಿತ್ರರಲ್ಲಿ ಒಂದು ವಿನಂತಿ. ಗರಗಸ, ಉಳಿ ಹಿಡಿಯಲು ಬಡಿಗೇರರಿದ್ದಾರೆ. ಓದಿ ಹೇಳಲು ನಿಮ್ಮನ್ನು ಬಿಟ್ಟರೆ ಯಾರಿಲ್ಲ. ರಜೆಗೆ ಊರಿಗೆ ಹೋದಾಗ ಅಕ್ಕಪಕ್ಕದ ಹತ್ತು ಮನೆಗಳ ಕಾಗದಗಳನ್ನು ಅವರ ಎದುರಿನಲ್ಲೇ ಬಿಚ್ಚಿ, ವಿಂಗಡಿಸಿ, ಪ್ರತಿಯೊಂದರ ಸಾರವನ್ನು ಅವರ ಮನೆಮಾತಿನಲ್ಲಿ ಎರಡು ಸಾಲು ಬರೆದು ಜೋಡಿಸಿರಿ. ಅಜ್ಜಿಯರ ಹೇಳಿಕೆಗಳನ್ನು ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿರಿ. ಆ ಸಾಕ್ಷ್ಯ ಪ್ರತಿ ವರ್ಷ ಕಡಿಮೆಯಾಗುತ್ತಿದೆ. ಮುಂಗಾರು ಹಿಡಿಯುವ ಮೊದಲು ಈ ಕೆಲಸ ಆಗಬೇಕು. ಮಿರುಗ ಕೂಡಿದ ಮೇಲೆ ಹಳ್ಳ ಏರುತ್ತದೆ, ಗೋಡೆ ಬೆವರುತ್ತದೆ, ಹಲಗೆ ಒಣಗುವುದಿಲ್ಲ.